ರೇಸ್ ಟ್ರ್ಯಾಕರ್ ಮತ್ತು ತಜ್ಞರ ವಿಶ್ಲೇಷಣೆ: ಕೆಲವು ಸೀಸನ್ ಬಳಸಿದ ಮೇಲೆ

ಉಪಕರಣಕ್ಕೆ ಐದರಲ್ಲಿ ಮೂರೂವರೆ, ಅದರ ಜೊತೆ ತೆಗೆದುಕೊಂಡ ತಜ್ಞರ ವಿಶ್ಲೇಷಣೆಗೆ ನಾಲ್ಕೂವರೆ. ಅಂಕ ಮೊದಲೇ ಹೇಳಿಬಿಟ್ಟಿದ್ದೇನೆ. ಹಾಯಿದೋಣಿ ರೇಸಿನ ಟ್ರ್ಯಾಕರ್‌ಗಳ (ದೋಣಿ ಹೋದ ದಾರಿ, ವೇಗವನ್ನು ಜಿಪಿಎಸ್‌ನಿಂದ ದಾಖಲಿಸುವ ಡಬ್ಬಿಗಳು) ಬಗ್ಗೆ ಸಿಗುವ ವಿಮರ್ಶೆಗಳಲ್ಲಿ ಹೆಚ್ಚಿನವು ಪೆಟ್ಟಿಗೆ ಬಿಚ್ಚಿದ ವಾರದಲ್ಲೇ ಬರೆದಂಥವು; ಬಿಸಿಲಲ್ಲಿ ಪರದೆ ಓದಬಹುದು, ಬ್ಯಾಟರಿ ದಿನಪೂರ್ತಿ ಬರುತ್ತದೆ ಎನ್ನುವಲ್ಲಿಗೆ ಮುಗಿಯುತ್ತವೆ. ಫಲಿತಾಂಶದ ಪಟ್ಟಿಯಲ್ಲಿ ನಮ್ಮ ಹೆಸರು ಮೇಲೆ ಹೋಯಿತೋ ಇಲ್ಲವೋ ಎಂದು ಹೇಳಲು ಒಂದು ವಾರ ಸಾಲದು. ಮಾಡೆಲ್ ಹೆಸರು ಹಾಕುತ್ತಿಲ್ಲ, ಏಕೆಂದರೆ ಮಾರುಕಟ್ಟೆಯಲ್ಲಿರುವ ನಾಲ್ಕಾರು ಉಪಕರಣಗಳ ಒಳಗಿನ ಲೆಕ್ಕ ಹೆಚ್ಚುಕಡಿಮೆ ಒಂದೇ. ನಾನು ಹೇಳುವುದು ಎಲ್ಲದಕ್ಕೂ ಬಹುಪಾಲು ಅನ್ವಯಿಸುತ್ತದೆ.

ನಮ್ಮದು ಇಬ್ಬರು ನಡೆಸುವ ಡಿಂಗಿ, ಅಂದರೆ ಚಿಕ್ಕ ತೆರೆದ ಹಾಯಿದೋಣಿ, ನಾಲ್ಕು ಮೀಟರ್‌ಗಿಂತ ತುಸು ಉದ್ದ. ಚುಕ್ಕಾಣಿ ನನ್ನದು, ಮುಂದಿನ ಹಾಯಿ ಮತ್ತು ಸಮಯ ಕೂಗುವ ಕೆಲಸ ಜೊತೆಗಾರನದು. ಟ್ರ್ಯಾಕರನ್ನು ಮಾಸ್ಟ್‌ಗೆ (ಹಾಯಿ ಹಿಡಿಯುವ ಕಂಬ) ಕಟ್ಟಿದ್ದೇವೆ.

ಮೊದಲು ಫೋನ್ ಇದ್ದರೆ ಸಾಕಲ್ಲವೇ ಎನ್ನುವವರಿಗೆ ಒಂದು ಮಾತು. ಸಾಮಾನ್ಯ ಫೋನ್ ಆ್ಯಪ್ ಸೆಕೆಂಡಿಗೆ ಒಮ್ಮೆ ಸ್ಥಾನ ಬರೆದುಕೊಳ್ಳುತ್ತದೆ. 5 ನಾಟ್ ವೇಗದಲ್ಲಿ ದೋಣಿ ಸೆಕೆಂಡಿಗೆ ಸುಮಾರು ಎರಡೂವರೆ ಮೀಟರ್ ಸಾಗುತ್ತದೆ. ಒಂದು ಟ್ಯಾಕ್, ಅಂದರೆ ಮೂತಿಯನ್ನು ಗಾಳಿಯ ದಿಕ್ಕು ದಾಟಿಸಿ ಹಾಯಿಯನ್ನು ಇನ್ನೊಂದು ಮಗ್ಗುಲಿಗೆ ತರುವ ತಿರುವು, ಮೂರು ನಾಲ್ಕು ಸೆಕೆಂಡಿನ ಆಟ. ಹಾಗಾಗಿ ಇಡೀ ಟ್ಯಾಕ್‌ಗೆ ಫೋನಿನಲ್ಲಿ ಸಿಗುವುದು ಮೂರು ನಾಲ್ಕು ಚುಕ್ಕಿ, ಅದರಲ್ಲಿ ಒಂದು ಎತ್ತಲೋ ಹಾರಿರುತ್ತದೆ. ಸೆಕೆಂಡಿಗೆ ಹತ್ತು ಸಲ ಬರೆದುಕೊಳ್ಳುವ ಉಪಕರಣದಲ್ಲಿ ದೋಣಿ ಯಾವ ಕ್ಷಣದಲ್ಲಿ ವೇಗ ಬಿಟ್ಟಿತು, ಮತ್ತೆ ಹಿಡಿಯಲು ಎಷ್ಟು ಹೊತ್ತಾಯಿತು ಎಂಬುದು ಗೆರೆಯಾಗಿ ಕಾಣುತ್ತದೆ. ವಾಲಿಕೆ, ದಿಕ್ಕು ಕೂಡ ಜೊತೆಗೇ ದಾಖಲಾಗುತ್ತವೆ. ಇಡೀ ರೇಸಿನ ನಕ್ಷೆ ನೋಡಿ ಯಾರು ಎಡಕ್ಕೆ ಹೋದರು, ಯಾರು ಬಲಕ್ಕೆ ಹೋದರು ಎಂದಷ್ಟೇ ತಿಳಿಯಬೇಕಿದ್ದರೆ ಫೋನೇ ಧಾರಾಳ.

ಇನ್ನು ಎಲ್ಲರೂ ಮುಗಿಬೀಳುವ ವಿಎಂಜಿ. ಗಾಳಿ ಬರುವ ದಿಕ್ಕಿಗೆ ದೋಣಿ ನಿಜವಾಗಿ ಎಷ್ಟು ವೇಗದಲ್ಲಿ ಏರುತ್ತಿದೆ ಎಂಬ ಲೆಕ್ಕ ಅದು. ದೋಣಿ ಗಾಳಿಗೆ ನೇರ ಎದುರು ಹೋಗಲಾರದು, ಓರೆಯಾಗಿ ಏರಬೇಕು. 45 ಡಿಗ್ರಿ ಓರೆಯಲ್ಲಿ 5 ನಾಟ್ ಹೋದರೆ ವಿಎಂಜಿ ಸುಮಾರು 3.5. ಪರದೆಯ ಮೇಲೆ ಈ ಅಂಕಿ ಏರಿಳಿಯುವುದನ್ನು ನೋಡುತ್ತ ಕೂತರೆ ರೇಸ್ ಮುಗಿದದ್ದೂ ಗೊತ್ತಾಗುವುದಿಲ್ಲ. ಇದರಲ್ಲಿ ಎರಡು ಬಲೆಗಳಿವೆ, ಎರಡನ್ನೂ ಕೈಪಿಡಿ ಹೇಳುವುದಿಲ್ಲ.

ಒಂದು, ಟ್ರ್ಯಾಕರ್‌ಗೆ ಗಾಳಿ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ದೋಣಿ ಹೋದ ದಾರಿ ಮಾತ್ರ. ಎಡ ಬಲ ಟ್ಯಾಕ್‌ಗಳ (ಎರಡು ತಿರುವುಗಳ ನಡುವಿನ ಓಟವನ್ನೂ ಟ್ಯಾಕ್ ಎನ್ನುತ್ತಾರೆ) ನಡುವಿನ ಮಧ್ಯರೇಖೆಯನ್ನೇ ಅದು ಗಾಳಿ ಎಂದು ಊಹಿಸುತ್ತದೆ, ಇಲ್ಲವೇ ನಾವು ಕೈಯಿಂದ ಹಾಕಿದ ದಿಕ್ಕನ್ನು ನಂಬುತ್ತದೆ. ಆ ದಿಕ್ಕು ಬರೀ 5 ಡಿಗ್ರಿ ಆಚೀಚೆಯಾದರೂ ಒಂದು ಟ್ಯಾಕಿನ ವಿಎಂಜಿ ಇದ್ದದ್ದಕ್ಕಿಂತ ಶೇ 8ರಷ್ಟು ಹೆಚ್ಚಾಗಿ, ಇನ್ನೊಂದರದು ಶೇ 9ರಷ್ಟು ಕಡಿಮೆಯಾಗಿ ಕಾಣುತ್ತದೆ. ‘ನಮ್ಮ ದೋಣಿ ಸ್ಟಾರ್‌ಬೋರ್ಡ್‌ನಲ್ಲಿ (ಗಾಳಿ ಬಲಮಗ್ಗುಲಿಗೆ ಬರುವ ಟ್ಯಾಕ್) ಓಡುತ್ತದೆ, ಪೋರ್ಟ್‌ನಲ್ಲಿ (ಎಡಮಗ್ಗುಲಿಗೆ ಬರುವುದು) ಎಳೆಯುತ್ತದೆ’ ಎಂದು ಮಾಸ್ಟ್ ಬಿಚ್ಚಿ ಕಟ್ಟುವವರ ಅರ್ಧ ದೂರುಗಳು ಇಲ್ಲಿಂದ ಹುಟ್ಟಿದವು. ನೀರಿನ ಸೆಳೆತ ಇರುವಲ್ಲಂತೂ ಇನ್ನೂ ಗೊಂದಲ, ಜಿಪಿಎಸ್ ಅಳೆಯುವುದು ನೆಲದ ಮೇಲಿನ ವೇಗವನ್ನೇ ಹೊರತು ನೀರಿನ ಮೇಲಿನದನ್ನಲ್ಲ.

ಇನ್ನೊಂದು, ದೋಣಿ ನಡೆಸುವ ಬಗೆ ಬದಲಿಸಿದರೆ ವಿಎಂಜಿ ಭಾರಿ ಏನೂ ಬದಲಾಗುವುದಿಲ್ಲ. 40 ಡಿಗ್ರಿಯಲ್ಲಿ ಬಿಗಿಯಾಗಿ ಏರಿ 4.5 ನಾಟ್ ಸಿಕ್ಕರೂ, 50 ಡಿಗ್ರಿಗೆ ಸಡಿಲ ಬಿಟ್ಟು 5.5 ಸಿಕ್ಕರೂ ಫಲ ಅದೇ 3.5ರ ಆಸುಪಾಸು. ಹಾಗೆಂದು ವೇಗ ಬೇಡವೆಂದಲ್ಲ. ಒಂದೇ ಬಗೆಯ ದೋಣಿಗಳ ಗುಂಪಿನಲ್ಲಿ, ಮೂಲ ಹೊಂದಾಣಿಕೆ ಸರಿಯಿದ್ದ ಮೇಲೆ, ಸ್ಥಾನಗಳು ಕೈತಪ್ಪುವುದು ಬೇರೆ ಕಡೆ.

ಎಲ್ಲಿ ಎಂಬುದನ್ನು ತೋರಿಸಿದ್ದು ಉಪಕರಣವಲ್ಲ, ವಿಶ್ಲೇಷಣೆಯವರು. ಸೇವೆ ಹೀಗಿದೆ: ರೇಸ್ ಮುಗಿದ ಮೇಲೆ ಗುಂಪಿನ ಎಷ್ಟು ದೋಣಿಗಳ ಟ್ರ್ಯಾಕ್ ಸಿಗುತ್ತದೋ ಅಷ್ಟನ್ನೂ ಏರಿಸಬೇಕು, ಆಮೇಲೆ ಒಬ್ಬ ಅನುಭವಿ ಕೋಚ್ ವಿಡಿಯೋ ಕರೆಯಲ್ಲಿ ಕೂತು ಮರುಓಟ ಓಡಿಸುತ್ತಾರೆ. ನಮಗೆ ಸಿಕ್ಕವರು ವೇಗದ ಕಾಲಮ್ಮನ್ನೇ ಮುಚ್ಚಿಟ್ಟರು. ಗನ್ (ಸ್ಟಾರ್ಟ್ ಸಂಕೇತ) ಆಗಿ ನಲವತ್ತು ಸೆಕೆಂಡಿನ ಹತ್ತಿರ ಚಿತ್ರ ನಿಲ್ಲಿಸಿ, “ಇಲ್ಲಿ ನೀವು ಟ್ಯಾಕ್ ಮಾಡಿದ್ದು ಗಾಳಿ ತಿರುಗಿತು ಅಂತಲಾ, ಇಲ್ಲ ಇರಲಿಕ್ಕಾಗದೆ ಓಡಿಹೋದದ್ದಾ?” ಎಂದು ಕೇಳಿದರು.

“ಗಾಳಿ ತಿರುಗಿತ್ತಲ್ಲ ಸರ್,” ಎಂದ ಜೊತೆಗಾರ.

“ದಿಕ್ಕಿನ ಗೆರೆ ನೋಡಿ. ಎರಡು ಡಿಗ್ರಿಯೂ ಅಲುಗಿಲ್ಲ. ಪಕ್ಕದ ದೋಣಿ ಅರ್ಧ ಉದ್ದ ಮುಂದಿದೆ, ಅದರ ಹಾಯಿ ಕೆಡಿಸಿದ ಗಾಳಿ ನಿಮಗೆ ಬರುತ್ತಿದೆ. ಬಲಕ್ಕೆ ಹೋಗಬೇಕು ಅಂತ ನೀವು ಹೋದದ್ದಲ್ಲ, ಅವರು ನಿಮ್ಮನ್ನು ಕಳಿಸಿದ್ದು.”

ಅಲ್ಲಿಂದ ಹಿಂದಕ್ಕೆ ಓಡಿಸಿದರು. ಗನ್‌ಗೆ ಹತ್ತು ಸೆಕೆಂಡ್ ಇರುವಾಗ ಸಾಲಿನ ನಡುವಿನ ದೋಣಿಗಳೆಲ್ಲ ಲೈನಿನಿಂದ (ಎರಡು ಗುರುತುಗಳ ನಡುವೆ ಊಹಿಸಿಕೊಳ್ಳುವ ಸ್ಟಾರ್ಟ್ ಗೆರೆ) ಒಂದೊಂದು ದೋಣಿಯುದ್ದಕ್ಕೂ ಹೆಚ್ಚು ಹಿಂದೆ ಬಾಗಿ ನಿಂತಿದ್ದವು, ತುದಿಗಳಲ್ಲಿದ್ದವರು ಮಾತ್ರ ಲೈನಿಗೆ ಅಂಟಿಕೊಂಡಿದ್ದರು. ಉದ್ದ ಲೈನಿನಲ್ಲಿ ಇದು ಮಾಮೂಲು. ನಡುವೆ ಇರುವವರಿಗೆ ಲೈನ್ ಎಲ್ಲಿದೆ ಎಂಬ ಅಂದಾಜೇ ಸಿಗುವುದಿಲ್ಲ, ಒಬ್ಬರು ಹಿಂದೆ ನಿಂತರೆ ಅವರನ್ನು ನೋಡಿ ಪಕ್ಕದವರೂ ಹಿಂದೆ ನಿಲ್ಲುತ್ತಾರೆ. ಲೈನ್ ಹಾಕಿದ ಮೇಲೆ ಒಂದು ತುದಿಯ ಆಚೆ ನಿಂತು ಇನ್ನೊಂದು ತುದಿಯ ಹಿಂದೆ ದಡದ ಮೇಲೆ ಯಾವ ಮರ, ಯಾವ ಗೋಪುರ ನೇರಕ್ಕೆ ಬರುತ್ತದೆ ಎಂದು ಗುರುತಿಟ್ಟುಕೊಂಡರೆ ನಡುವಿನಿಂದಲೂ ಧೈರ್ಯವಾಗಿ ಮುಂದೆ ಬರಬಹುದು. ಬ್ಯಾಟರಿ ಬೇಡದ ಈ ಉಪಾಯಕ್ಕೆ ಟ್ರಾನ್ಸಿಟ್ ಎನ್ನುತ್ತಾರೆ. ಟ್ರ್ಯಾಕರ್ ಕೊಂಡು ಕಲಿತ ಮೊದಲ ಪಾಠ ಟ್ರ್ಯಾಕರ್ ಬೇಡದ್ದು ಎಂದರೆ ಮಾರುವವರಿಗೆ ಬೇಜಾರಾಗಬಹುದು.

ಲೈನಿನ ಓರೆಯ ಲೆಕ್ಕವನ್ನೂ ಅವರೇ ತಲೆಗೆ ಹಾಕಿದ್ದು. 200 ಮೀಟರ್ ಲೈನ್ ಗಾಳಿಗೆ ನೇರ ಅಡ್ಡವಾಗಿರದೆ ಬರೀ 5 ಡಿಗ್ರಿ ಓರೆಯಿದ್ದರೆ ಒಂದು ತುದಿ ಇನ್ನೊಂದಕ್ಕಿಂತ 17 ಮೀಟರ್ ಮೇಲೆ, ಅಂದರೆ ಗಾಳಿ ಬರುವ ಕಡೆಗೆ, ಇರುತ್ತದೆ. ಅಂದರೆ ನಮ್ಮಂಥ ನಾಲ್ಕು ದೋಣಿಗಳ ಉದ್ದ, ಓಟ ಶುರುವಾಗುವ ಮುನ್ನವೇ.

ಇಲ್ಲಿ ಉಪಕರಣದ ಲೈನ್ ಸೌಲಭ್ಯದ ವಿಷಯ. ಪಿನ್ (ಲೈನಿನ ಒಂದು ತುದಿಯ ತೇಲುಗುರುತು) ಹತ್ತಿರ ಹೋಗಿ ಒಮ್ಮೆ ಗುಂಡಿ ಒತ್ತಬೇಕು, ಇನ್ನೊಂದು ತುದಿಯಲ್ಲಿ ರೇಸ್ ನಡೆಸುವವರು ಇರುವ ಕಮಿಟಿ ದೋಣಿಯ ಹತ್ತಿರ ಹೋಗಿ ಮತ್ತೊಮ್ಮೆ. ಆಮೇಲೆ ಲೈನಿಗೆ ಎಷ್ಟು ಮೀಟರ್ ಎಂದು ಅದು ತೋರಿಸುತ್ತಿರುತ್ತದೆ. ಕೇಳಲು ಸೊಗಸು. ಆದರೆ ಸಾಮಾನ್ಯ ಜಿಪಿಎಸ್‌ನ ತಪ್ಪು ಮೂರರಿಂದ ಐದು ಮೀಟರ್, ಅಂದರೆ ಒಂದು ದೋಣಿಯುದ್ದ. ಎರಡು ಆವರ್ತನದ ಸಂಕೇತಗಳನ್ನು ಬಳಸುವ ಹೊಸ ಉಪಕರಣಗಳಲ್ಲಿ ಇದು ಸಾಕಷ್ಟು ಕಡಿಮೆಯಾಗಿದೆ. ಅದರ ಮೇಲೆ ಲಂಗರು ಹಾಕಿದ ಕಮಿಟಿ ದೋಣಿ ಗಾಳಿಗೆ ತೂಗುತ್ತದೆ, ಪಿನ್ ಸರಿಯುತ್ತದೆ, ಒಮ್ಮೊಮ್ಮೆ ನಾವು ಗುಂಡಿ ಒತ್ತಿದ ಮೇಲೆ ಲೈನನ್ನೇ ಬದಲಿಸುತ್ತಾರೆ. ಟ್ರ್ಯಾಕರ್ ಇರುವುದು ಮಾಸ್ಟ್ ಹತ್ತಿರ, ಲೈನ್ ದಾಟುವುದು ಮೂತಿ; ಆ ಅಂತರವನ್ನು ಸೆಟ್ಟಿಂಗ್‌ನಲ್ಲಿ ತುಂಬದೇ ಇದ್ದರೆ ಮೂತಿ ದಾಟಿದ ಮೇಲೂ ಪರದೆ ‘ಇನ್ನೂ ಒಂದು ಮೀಟರ್’ ಎನ್ನುತ್ತಿರುತ್ತದೆ. ಯು ಧ್ವಜ (ಸ್ಟಾರ್ಟ್‌ಗೆ ಮುಂಚೆ ಲೈನ್ ದಾಟಬಾರದೆನ್ನುವ ಕಟ್ಟುನಿಟ್ಟಿನ ಸಂಕೇತ) ಏರಿದ್ದಾಗ ಆ ಒಂದು ಮೀಟರ್ ನಂಬಿ ಕೊನೆಯ ನಿಮಿಷದಲ್ಲಿ ದಾಟಿದವರು ಅನರ್ಹರು, ವಾದಕ್ಕೆ ಜಾಗವಿಲ್ಲ.

ಟಿವಿಯಲ್ಲಿ ಕಂಡದ್ದನ್ನು ನಿರೀಕ್ಷಿಸಬೇಡಿ ಎಂದೂ ಹೇಳಬೇಕು. 2013ರ ಸ್ಯಾನ್ ಫ್ರಾನ್ಸಿಸ್ಕೋ ಅಮೆರಿಕಾಸ್ ಕಪ್ ಹಾಯಿದೋಣಿ ಪಂದ್ಯದಲ್ಲಿ ನೀರಿನ ಮೇಲೆಯೇ ಗೆರೆ ಎಳೆದಂತೆ ತೋರಿಸುತ್ತಿದ್ದರಲ್ಲ, ಎಂಜಿನಿಯರ್ ಸ್ಟ್ಯಾನ್ ಹನಿ ಮುಂದಾಳತ್ವದಲ್ಲಿ ರೂಪಿಸಿದ ಆ ವ್ಯವಸ್ಥೆ ಸೆಂಟಿಮೀಟರ್ ಮಟ್ಟದ ನಿಖರತೆಯದು. ಮಾಸ್ಟ್‌ಗೆ ಕಟ್ಟುವ ಡಬ್ಬಿಯಲ್ಲಿ ಆ ಸರಂಜಾಮು ಇರುವುದಿಲ್ಲ.

ಗಾಳಿಗೆದುರಿನ ಓಟಕ್ಕೆ ಬಂದರೆ ನಮ್ಮ ಟ್ರ್ಯಾಕ್‌ನಲ್ಲಿ ಎದ್ದು ಕಂಡದ್ದು ಟ್ಯಾಕ್‌ಗಳ ಸಂಖ್ಯೆ. ಪ್ರತಿ ಟ್ಯಾಕ್‌ಗೂ ನಮ್ಮ ದೋಣಿ ಎರಡು ಉದ್ದದಷ್ಟು ಬಿಟ್ಟುಕೊಡುತ್ತದೆ. ಅಷ್ಟು ತೆತ್ತು ಟ್ಯಾಕ್ ಮಾಡಬೇಕಾದರೆ ಗಾಳಿ ಅದಕ್ಕೆ ತಕ್ಕಷ್ಟು ತಿರುಗಿರಬೇಕು. ಎರಡು ದೋಣಿಗಳ ನಡುವೆ ಅಡ್ಡಡ್ಡವಾಗಿ 100 ಮೀಟರ್ ಅಂತರವಿದ್ದು ಗಾಳಿ 10 ಡಿಗ್ರಿ ತಿರುಗಿತು ಎನ್ನಿ. ತಿರುಗಿದ ಕಡೆ ಇದ್ದವರಿಗೆ ಸುಮಾರು 25 ಮೀಟರ್ ಓಟದ ಲಾಭ. 5 ಡಿಗ್ರಿಯಾದರೆ 12 ಮೀಟರ್. ಗುಂಪಿನಿಂದ ದೂರ ಹೋದಷ್ಟೂ ಗಳಿಕೆ ದೊಡ್ಡದು, ನಷ್ಟವೂ ಅಷ್ಟೇ ದೊಡ್ಡದು. ಗಾಳಿ ಬಂದಾಗ ತೂರಿಕೋ ಅನ್ನುತ್ತಾರೆ, ನಿಜ. ಆದರೆ ಬಂದ ಗಾಳಿ ಐದು ನಿಮಿಷಕ್ಕೆ ಹಿಂದಿರುಗುವಂಥದ್ದೋ, ತಿರುಗಿದ್ದು ತಿರುಗಿಯೇ ಹೋಗುವಂಥದ್ದೋ ಎಂದು ತಿಳಿಯದೆ ತೂರಿದರೆ ಕಾಳೂ ಹೋಗುತ್ತದೆ. ಅತ್ತಿತ್ತ ತೂಗಾಡುವ ಗಾಳಿಯಲ್ಲಿ ಮೂತಿ ಕೆಳಕ್ಕೆ (ಗಾಳಿ ಬರುವ ಕಡೆಯಿಂದ ದೂರಕ್ಕೆ) ತಳ್ಳಿಸಿಕೊಂಡ ಕೂಡಲೇ ಟ್ಯಾಕ್ ಮಾಡುವುದು ಸರಿ. ಒಂದೇ ಕಡೆಗೆ ತಿರುಗುತ್ತಾ ಹೋಗುವ ಗಾಳಿಯಲ್ಲಿ ಅದನ್ನೇ ಮಾಡಿದರೆ ಪೂರಾ ಉಲ್ಟಾ: ಅಲ್ಲಿ ತಳ್ಳಿಸಿಕೊಂಡೇ ಮುಂದೆ ಹೋಗಿ ಆಮೇಲೆ ತಿರುಗಬೇಕು.

ಇದನ್ನು ತಿಳಿಯಲು ಕೋಚ್ ಹಚ್ಚಿದ ಅಭ್ಯಾಸ ಸರಳ. ಸ್ಟಾರ್ಟ್‌ಗೆ ಮುನ್ನ ಎರಡೂ ಟ್ಯಾಕ್‌ನಲ್ಲಿ ಓಡಿಸಿ ದಿಕ್ಸೂಚಿಯ ಅಂಕಿಗಳನ್ನು ದೋಣಿಯ ಮೇಲೆ ಮೇಣದ ಪೆನ್ಸಿಲ್‌ನಲ್ಲಿ ಬರೆಯುವುದು, ಐದಾರು ನಿಮಿಷ ಬಿಟ್ಟು ಮತ್ತೆ ಬರೆಯುವುದು. ಮನೆಗೆ ಬಂದ ಮೇಲೆ ಟ್ರ್ಯಾಕರ್‌ನ ದಿಕ್ಕಿನ ಗೆರೆಯ ಪಕ್ಕದಲ್ಲಿಟ್ಟು ನಮ್ಮ ಅಂದಾಜು ಎಲ್ಲಿ ಹೊಂದಿತು, ಎಲ್ಲಿ ಇಲ್ಲ ಎಂದು ನೋಡುವುದು. ಉಪಕರಣ ನಿಜವಾಗಿ ತನ್ನ ಕೂಲಿ ಗಳಿಸುವುದು ಇಲ್ಲಿ.

ಲೇಲೈನ್ (ಮತ್ತೆ ಟ್ಯಾಕ್ ಮಾಡದೆ ಮಾರ್ಕ್ ಮುಟ್ಟಬಹುದಾದ ಗೆರೆ) ಕೂಡ ಹಾಗೆಯೇ. ಮೇಲಿನ ಮಾರ್ಕ್‌ಗೆ, ಅಂದರೆ ಗಾಳಿಯ ಕಡೆ ಸುತ್ತಬೇಕಾದ ತೇಲುಗುರುತಿಗೆ, ಬೇಕಾದ್ದಕ್ಕಿಂತ ಹೆಚ್ಚು ಏರಿ ಆಮೇಲೆ ಇಳಿಸಿಕೊಂಡು ಬರುವುದು ನೀರಿನ ಮೇಲೆ ಕಾಣುವುದೇ ಇಲ್ಲ, ‘ಸುರಕ್ಷಿತವಾಗಿ ಬಂದೆವು’ ಅನಿಸುತ್ತದೆ. ಪರದೆಯ ಮೇಲೆ ಆ ಕೊನೆಯ ಗೆರೆ ಡೊಂಕಾಗಿ ಮಾರ್ಕ್ ಕಡೆ ಬಾಗಿರುತ್ತದೆ, ಪಕ್ಕದಲ್ಲಿ ವೇಗ ದಿಢೀರ್ ಏರಿರುತ್ತದೆ. ಆ ವೇಗ ಕಂಡು ಖುಷಿಪಡುವವರೂ ಇದ್ದಾರೆ.

ಗಾಳಿಯ ಜೊತೆ ಇಳಿಯುವ ಓಟದಲ್ಲಿ ಈ ಜೋಡಿಯಿಂದ ನಮಗೆ ಹೆಚ್ಚೇನೂ ಸಿಗಲಿಲ್ಲ. ಅಲೆ ಹಿಡಿಯುವುದು, ಗಾಳಿಯ ಬೀಸು ಎಲ್ಲಿ ಇಳಿದು ಬರುತ್ತಿದೆ ಎಂದು ಹಿಂದೆ ತಿರುಗಿ ನೋಡುವುದು, ಇವು ಟ್ರ್ಯಾಕ್‌ನಲ್ಲಿ ಅಚ್ಚಾಗುವುದಿಲ್ಲ.

ನಿಯಮದ ಮಾತು ಚಿಕ್ಕದಾಗಿ. ಹಲವು ಕ್ಲಾಸ್‌ಗಳು (ಒಂದೇ ಬಗೆಯ ದೋಣಿಗಳ ವರ್ಗಗಳು) ರೇಸ್ ಹೊತ್ತಿನಲ್ಲಿ ವೇಗ, ಸ್ಥಾನ ತೋರಿಸುವ ಪರದೆಯನ್ನು ಬಿಡುವುದಿಲ್ಲ, ಕೆಲವು ಬರೀ ದಾಖಲಿಸುವುದಕ್ಕೆ ಒಪ್ಪುತ್ತವೆ. ಪರದೆ ಮುಚ್ಚಿ ದಾಖಲೆ ಮಾತ್ರ ನಡೆಸುವ ಮೋಡ್ ಇರುವ ಉಪಕರಣವನ್ನೇ ಕೊಳ್ಳಿ, ನಿಮ್ಮ ಕ್ಲಾಸ್ ನಿಯಮವನ್ನೂ ಆ ರೇಸಿನ ಸೂಚನೆಗಳನ್ನೂ ಓದಿ. ಹಾಯಿದೋಣಿ ಕ್ರೀಡೆಯ ಅಂತರರಾಷ್ಟ್ರೀಯ ಸಂಸ್ಥೆಯಾದ ವರ್ಲ್ಡ್ ಸೇಲಿಂಗ್‌ನ ನಿಯಮ 41 ಹೊರಗಿನ ಸಹಾಯವನ್ನು ತಡೆಯುತ್ತದೆ, ಹಾಗಾಗಿ ದಡದಲ್ಲಿ ಕೂತ ಕೋಚ್ ನೇರ ಟ್ರ್ಯಾಕ್ ನೋಡಿ ‘ಎಡಕ್ಕೆ ಹೋಗಿ’ ಎಂದು ಹೇಳುವ ಕನಸು ಬೇಡ. ವಿಶ್ಲೇಷಣೆಯೆಲ್ಲ ರೇಸ್ ಮುಗಿದ ಮೇಲೆಯೇ.

ಉಪಕರಣಕ್ಕೆ ಅರ್ಧ ಅಂಕ ಕಡಿದದ್ದು ಎಲ್ಲಿ? ಚಾರ್ಜಿಂಗ್ ತುದಿಗೆ ಉಪ್ಪು ಹತ್ತುತ್ತದೆ. ಪ್ರತಿ ಸಲ ಸಿಹಿನೀರಲ್ಲಿ ತೊಳೆದು ಒರೆಸದಿದ್ದರೆ ಹಸಿರು ಕಿಲುಬು ಗ್ಯಾರಂಟಿ. ತಂತಿಯಿಲ್ಲದ ಚಾರ್ಜಿಂಗ್ ಇರುವುದನ್ನು ಕೊಂಡವರು ನೆಮ್ಮದಿಯಾಗಿದ್ದಾರೆ. ಅಂಟಿನ ಹಿಡಿಕೆಯನ್ನು ನಂಬದೆ ಒಂದು ಹಗ್ಗ ಬಿಗಿಯಿರಿ, ದೋಣಿ ಮಗುಚಿದಾಗ ನೀರಿಗೆ ಬಿದ್ದದ್ದು ತಳಕ್ಕೇ. ಒಳಗಿನ ದಿಕ್ಸೂಚಿಯ ಹತ್ತಿರ ಸ್ಪೀಕರ್, ಫೋನ್ ಇಟ್ಟರೆ ಅಂಕಿಗಳು ತಪ್ಪುತ್ತವೆ. ಒಂದು ಪೂರ್ತಿ ಅಂಕ ಹೋದದ್ದು ಆ್ಯಪ್‌ಗೆ: ಚಂದಾ ಮುಗಿದ ದಿನ ನಮ್ಮದೇ ಹಳೆಯ ಟ್ರ್ಯಾಕ್‌ಗಳಿಗೆ ಬೀಗ ಬಿತ್ತು. ನವೀಕರಿಸಿದ ಮೇಲೆ ನಾನು ಮಾಡಿದ ಮೊದಲ ಕೆಲಸ ಎಲ್ಲವನ್ನೂ ಬೇರೆ ಆ್ಯಪ್‌ಗಳಲ್ಲೂ ತೆರೆಯಬಹುದಾದ ಜಿಪಿಎಕ್ಸ್ ಕಡತಗಳಾಗಿ ಇಳಿಸಿಕೊಂಡದ್ದು.

ಒಬ್ಬರೇ ಕೊಳ್ಳುವುದಾದರೆ ಯೋಚಿಸಿ. ನಮ್ಮ ಒಂಟಿ ಟ್ರ್ಯಾಕ್ ಇದ್ದ ದಿನಗಳಲ್ಲಿ ಕೋಚ್‌ಗೂ ಹೇಳಲು ಹೆಚ್ಚೇನೂ ಇರಲಿಲ್ಲ, ಹೋಲಿಸಲು ಪಕ್ಕದ ದೋಣಿಯೇ ಇಲ್ಲ. ಗುಂಪಿನ ಅರ್ಧದಷ್ಟಾದರೂ ಜನ ಟ್ರ್ಯಾಕ್ ಹಂಚಿಕೊಂಡಾಗ ಚಿತ್ರ ತುಂಬುತ್ತದೆ. ಹಂಚಿದರೆ ಎದುರಾಳಿಗಳಿಗೂ ನಮ್ಮ ಗುಟ್ಟು ತಿಳಿಯುತ್ತದಲ್ಲ ಎಂದು ಕೆಲವರು ಎಳೆದಾಡಿದರು; ಈಗ ಅವರೇ ಮೊದಲು ಏರಿಸುತ್ತಾರೆ. ನಮ್ಮ ಸ್ಥಾನ ಮೇಲೇರಿದೆ, ಗುಂಪಿನ ನಡುವಿನಿಂದ ಮೊದಲ ಮೂರನೇ ಒಂದು ಭಾಗದೊಳಕ್ಕೆ. ಅದರಲ್ಲಿ ಬಹುಪಾಲು ಸ್ಟಾರ್ಟ್ ಆದ ಮೊದಲ ಎರಡು ನಿಮಿಷದ ಗಳಿಕೆ. ವೇಗದ ಸರಾಸರಿ ಅಂದಿನದೂ ಇಂದಿನದೂ ಪಕ್ಕಪಕ್ಕ ಇಟ್ಟರೆ ಗುರುತೇ ಸಿಗದಷ್ಟು ಒಂದೇ.

ತಯಾರಕರಲ್ಲಿ ಒಂದೇ ಕೋರಿಕೆ: ನೀರಿನ ಸೆಳೆತದ ದಿಕ್ಕು, ವೇಗ ಹಾಕಲು ಆ್ಯಪ್‌ನಲ್ಲಿ ಒಂದು ಜಾಗ ಕೊಡಿ. ಸದ್ಯಕ್ಕೆ ಪಿನ್ ಪಕ್ಕ ಅರ್ಧ ನೀರು ತುಂಬಿದ ಬಾಟಲಿ ಬಿಟ್ಟು, ಅದು ಒಂದು ನಿಮಿಷದಲ್ಲಿ ಎಷ್ಟು ದೂರ ಹೋಯಿತು ಎಂದು ಜೊತೆಗಾರ ಎಣಿಸುತ್ತಾನೆ, ನಾನು ಟ್ರ್ಯಾಕ್‌ನ ಟಿಪ್ಪಣಿಯಲ್ಲಿ ಬರೆದಿಡುತ್ತೇನೆ. ಬಾಟಲಿ ವಾಪಸ್ ಎತ್ತಿಕೊಳ್ಳುವುದೂ ಅವನದೇ ಕೆಲಸ.