ಮೇಲ್ ಸರ್ವರ್ ಬ್ಯಾಕಪ್‌ಗೆ ಎಷ್ಟು ಜಾಗ ಬೇಕು: ಆರ್‌ಸಿಂಕ್, ನ್ಯಾಸ್, ಕ್ಲೌಡ್, ಬೋರ್ಗ್

ಮೊದಲೇ ಹೇಳಿಬಿಡುತ್ತೇನೆ, ನನ್ನ ಮತ ಬೋರ್ಗ್ ಎಂಬ ಬ್ಯಾಕಪ್ ಸಾಫ್ಟ್‌ವೇರ್‌ಗೆ. ಎರಡು ಸಾಧಾರಣ 2 ಟಿಬಿ ಯುಎಸ್‌ಬಿ ಡಿಸ್ಕ್, ಅದರ ಮೇಲೆ ಬೋರ್ಗ್, ಅಷ್ಟೇ. ಉಳಿದ ಮೂರನ್ನೂ ಇದೇ ಸರ್ವರ್ ಮೇಲೆ ಓಡಿಸಿ ನೋಡಿದ್ದೇನೆ.

ನಾನು ನೋಡಿಕೊಳ್ಳುವುದು ದಾವಣಗೆರೆ ಎಪಿಎಂಸಿ ಹತ್ತಿರದ ಒಂದು ಮೆಕ್ಕೆಜೋಳದ ಸಗಟು ವ್ಯಾಪಾರದ ಆಫೀಸಿನ ಮೇಲ್. ಪೋಸ್ಟ್‌ಫಿಕ್ಸ್, ಡೋವ್‌ಕಾಟ್ ಎಂಬ ಮೇಲ್ ಸರ್ವರ್ ಸಾಫ್ಟ್‌ವೇರ್‌ಗಳು, ಸುಮಾರು 40 ಮೇಲ್‌ಬಾಕ್ಸ್, ಒಟ್ಟು 180 ಜಿಬಿ. ಅಕೌಂಟ್ಸ್‌ನವರು ಒಂದು ಮೇಲನ್ನೂ ಅಳಿಸಲು ಬಿಡುವುದಿಲ್ಲ. ಅವರು ಹೇಳುವುದೂ ಸರಿಯೇ. ಜಿಎಸ್‌ಟಿ ಕಾಯ್ದೆಯ 36ನೇ ಕಲಂ ಪ್ರಕಾರ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಇಟ್ಟುಕೊಂಡಿರಬೇಕು. ನಮ್ಮಲ್ಲಿ ಬಿಲ್ಲು, ತೂಕದ ಚೀಟಿ ಎಲ್ಲಾ ಮೇಲ್‌ನಲ್ಲೇ ಓಡಾಡುತ್ತವೆ. ಹಾಗಾಗಿ ಜಾಗದ ಲೆಕ್ಕವನ್ನೂ ಆರು ವರ್ಷಕ್ಕೇ ಹಾಕಬೇಕು.

ಫೈಲ್ ಕಾಪಿ ಮಾಡುವ ಆರ್‌ಸಿಂಕ್ ಎಂಬ ಸಾಫ್ಟ್‌ವೇರ್ ನಾನು ಬರುವ ಮುಂಚಿನಿಂದಲೂ ಇಲ್ಲಿತ್ತು. ದಿನಕ್ಕೊಂದು ಫೋಲ್ಡರ್. ಬದಲಾಗದ ಫೈಲ್‌ಗಳಿಗೆ ಹಿಂದಿನ ದಿನದ ಪ್ರತಿಗೇ ಹಾರ್ಡ್‌ಲಿಂಕ್ (ಅದೇ ಫೈಲಿಗೆ ಇನ್ನೊಂದು ಹೆಸರು, ಬೇರೆ ಜಾಗ ಹಿಡಿಯುವುದಿಲ್ಲ), ಹೊಸದು ಮಾತ್ರ ಕಾಪಿ. ಕೇಳಲು ಬಹಳ ಚೆನ್ನಾಗಿದೆ. ದಿನಕ್ಕೆ 300 ಎಂಬಿ ಹೊಸ ಮೇಲ್ ಬಂದರೆ ಬ್ಯಾಕಪ್ಪೂ 300 ಎಂಬಿ ಬೆಳೆಯಬೇಕು, ಅಲ್ವಾ? ಇಲ್ಲಿ ಹಾಗಾಗಲಿಲ್ಲ. ಡಿಸ್ಕ್ ತುಂಬುವ ವೇಗಕ್ಕೂ ಬರುವ ಮೇಲ್‌ಗೂ ತಾಳೆಯೇ ಆಗುತ್ತಿರಲಿಲ್ಲ.

ಕಾರಣ ಇರುವುದು ಮೇಲ್‌ಡಿರ್ ಎಂಬ ಶೇಖರಣೆಯ ರೀತಿಯಲ್ಲಿ. ಅದರಲ್ಲಿ ಒಂದು ಮೇಲ್ ಎಂದರೆ ಒಂದು ಫೈಲ್. ಓದಿದ್ದೇವಾ, ಉತ್ತರ ಕೊಟ್ಟಿದ್ದೇವಾ ಅನ್ನುವ ಗುರುತು ಫೈಲಿನ ಒಳಗೆ ಇರುವುದಿಲ್ಲ, ಹೆಸರಿನಲ್ಲೇ ಇರುತ್ತದೆ. ಓದಿದರೆ ಹೆಸರಿನ ತುದಿಗೆ ಎಸ್ ಸೇರುತ್ತದೆ, ಉತ್ತರ ಕೊಟ್ಟರೆ ಆರ್ ಸೇರುತ್ತದೆ. ಹೊಸ ಮೇಲ್ ಒಂದು ಫೋಲ್ಡರ್‌ನಿಂದ ಇನ್ನೊಂದಕ್ಕೂ ಹೋಗುತ್ತದೆ. ಆರ್‌ಸಿಂಕ್ ಹೋಲಿಸುವುದು ಅದೇ ಜಾಗದಲ್ಲಿರುವ ಅದೇ ಹೆಸರಿನ ಫೈಲನ್ನು. ಹೆಸರು ಬದಲಾದರೆ ಅದರ ಪಾಲಿಗೆ ಅದು ಹೊಸ ಫೈಲೇ. ಸೋಮವಾರ ಬಂದ 10 ಎಂಬಿ ಮೇಲನ್ನು ಮಂಗಳವಾರ ಓದಿ, ಬುಧವಾರ ಉತ್ತರ ಕೊಟ್ಟು, ಗುರುವಾರ ಬೇರೆ ಫೋಲ್ಡರ್‌ಗೆ ಹಾಕಿದರೆ ಬ್ಯಾಕಪ್‌ನಲ್ಲಿ ಅದೊಂದೇ ಮೇಲ್ 40 ಎಂಬಿ.

ಮಾರ್ಚ್ ಬಂತೆಂದರೆ ಇದು ಇನ್ನೂ ಜಾಸ್ತಿ. ಆಡಿಟ್‌ಗೆ ಅಂತ ಅಕೌಂಟ್ಸ್‌ನವರು ಇಡೀ ವರ್ಷದ ಬಿಲ್ಲುಗಳನ್ನು ಪಾರ್ಟಿ ಪ್ರಕಾರ ಫೋಲ್ಡರ್ ಮಾಡಿ ಜೋಡಿಸುತ್ತಾರೆ. ಆ ರಾತ್ರಿ 20 ಜಿಬಿ ಹೊಸದಾಗಿ ಕಾಪಿ. ಒಂದೇ ಒಂದು ಹೊಸ ಅಕ್ಷರ ಬಂದಿರುವುದಿಲ್ಲ. ಹೆಸರು ಬದಲಾದ ಫೈಲನ್ನು ಹುಡುಕುವ ಫಜಿ ಆಯ್ಕೆ ಆರ್‌ಸಿಂಕ್‌ನಲ್ಲಿ ಇದೆ ನಿಜ. ಅದರಿಂದ ನೆಟ್‌ವರ್ಕ್ ಮೇಲಿನ ಓಡಾಟ ಉಳಿಯುತ್ತದೆ, ಡಿಸ್ಕ್ ಜಾಗ ಉಳಿಯುವುದಿಲ್ಲ. ಹಾಗಂತ ಜನರಿಗೆ ಫೋಲ್ಡರ್ ಮಾಡಬೇಡಿ ಅನ್ನಲು ಆಗುತ್ತದೆಯೇ? ಅದು ಅವರ ಕೆಲಸ.

ಆರ್‌ಸಿಂಕ್‌ನಲ್ಲಿ ನನಗೆ ಈಗಲೂ ಇಷ್ಟವಾದದ್ದು ಒಂದಿದೆ. ಮೇಲ್ ವಾಪಸ್ ಬೇಕೆಂದರೆ ಫೋಲ್ಡರ್ ತೆರೆದು ಕಾಪಿ ಮಾಡಿದರೆ ಮುಗಿಯಿತು. ಪಾಸ್‌ವರ್ಡ್ ಬೇಡ, ಬೇರೆ ಸಾಫ್ಟ್‌ವೇರ್ ಬೇಡ.

ನ್ಯಾಸ್, ಅಂದರೆ ನೆಟ್‌ವರ್ಕ್‌ಗೆ ಜೋಡಿಸುವ ಡಿಸ್ಕ್ ಪೆಟ್ಟಿಗೆ: ಎರಡು 4 ಟಿಬಿ ಡಿಸ್ಕ್ ಹಾಕಿ ರೇಡ್ 1 (ಎರಡರಲ್ಲೂ ಅದೇ ಪ್ರತಿ) ಮಾಡಿದರೆ ಸಿಗುವುದು 4 ಟಿಬಿಯೇ. ಪೆಟ್ಟಿಗೆ, ಡಿಸ್ಕ್, ಅದಕ್ಕೊಂದು ಯುಪಿಎಸ್ ಅಂತ ದುಡ್ಡು ಏರುತ್ತಾ ಹೋಗುತ್ತದೆ. ಒಂದು ಡಿಸ್ಕ್ ಸತ್ತರೆ ಕೆಲಸ ನಿಲ್ಲುವುದಿಲ್ಲ, ಅದು ಒಪ್ಪುವ ಮಾತು. ಆದರೆ ಸರ್ವರ್ ಪಕ್ಕದಲ್ಲೇ, ಅದೇ ವೈರಿಂಗ್ ಮೇಲೆ ಇರುತ್ತದೆ. ಮೇ ತಿಂಗಳ ಗುಡುಗು ಮಳೆಯಲ್ಲಿ ಕರೆಂಟ್ ಆಡುವ ಆಟ ನೋಡಿದವರು ಎರಡೂ ಪ್ರತಿಯನ್ನು ಒಂದೇ ಕೋಣೆಯಲ್ಲಿ ಇಡುವುದಿಲ್ಲ.

ಕ್ಲೌಡ್: ಬ್ಯಾಕ್‌ಬ್ಲೇಜ್ ಬಿ2 ದರ 2023ರ ಅಕ್ಟೋಬರ್‌ನಲ್ಲಿ ಟಿಬಿಗೆ ತಿಂಗಳಿಗೆ 6 ಡಾಲರ್ ಆಯಿತು, ಅದೇನು ದುಬಾರಿ ಅಲ್ಲ. ನಮ್ಮ ತೊಂದರೆ ಅಪ್‌ಲೋಡ್. 20 ಎಂಬಿಪಿಎಸ್ ಪೂರ್ತಿ ಸಿಕ್ಕಿದರೂ 180 ಜಿಬಿ ಕಳಿಸಲು 20 ಗಂಟೆ. ಅಮೆಜಾನ್‌ನ ಗ್ಲೇಸಿಯರ್ ಡೀಪ್ ಆರ್ಕೈವ್ ಇನ್ನೂ ಅಗ್ಗ. ಆದರೆ ಕನಿಷ್ಠ 180 ದಿನದ ಬಾಡಿಗೆ ಕಟ್ಟಲೇಬೇಕು, ವಾಪಸ್ ಪಡೆಯಲು 12 ಗಂಟೆವರೆಗೆ ಕಾಯಬೇಕು. ಲಾರಿ ಗೇಟಿನಲ್ಲಿ ನಿಂತಿರುವಾಗ ಅಷ್ಟು ಹೊತ್ತು ಯಾರು ಕಾಯುತ್ತಾರೆ?

ಇನ್ನು ಬೋರ್ಗ್. ಇದು ಫೈಲಿನ ಹೆಸರು ನೋಡುವುದಿಲ್ಲ, ಒಳಗಿನ ತುಂಡುಗಳನ್ನು ನೋಡುತ್ತದೆ. ಆ ತುಂಡು ಈಗಾಗಲೇ ಇದ್ದರೆ ಮತ್ತೆ ಬರೆಯುವುದಿಲ್ಲ. ಮಾರ್ಚ್‌ನ ಆ 20 ಜಿಬಿ ಜೋಡಣೆಗೆ ಇದು ತೆಗೆದುಕೊಂಡ ಜಾಗ ಕೆಲವೇ ಎಂಬಿ. ನನಗೆ ಅಷ್ಟೇ ಸಾಕಿತ್ತು.

ಒಂದು ಸೆಟ್ಟಿಂಗ್ ಮಾತ್ರ ಖಂಡಿತ ಬದಲಿಸಿ. ಬೋರ್ಗ್‌ನಲ್ಲಿ ತಾನಾಗೇ ಬರುವ ಕಂಪ್ರೆಷನ್, ಅಂದರೆ ಕುಗ್ಗಿಸುವ ವಿಧಾನ, ಎಲ್‌ಝಡ್4. ಮೇಲ್‌ಗೆ ಅದು ಹೆಚ್ಚು ಉಪಯೋಗವಿಲ್ಲ. ಅಟ್ಯಾಚ್‌ಮೆಂಟ್‌ಗಳು ಬೇಸ್64 ಎಂಬ ಅಕ್ಷರ ರೂಪದಲ್ಲಿ ಬರುತ್ತವೆ, 3 ಎಂಬಿ ಪಿಡಿಎಫ್ ಮೇಲ್‌ನಲ್ಲಿ 4 ಎಂಬಿ ಆಗಿರುತ್ತದೆ. ಆ ಉಬ್ಬಿದ ಭಾಗವನ್ನು ಎಲ್‌ಝಡ್4 ಇಳಿಸಲಾರದು, ಝಡ್‌ಸ್ಟ್ಯಾಂಡರ್ಡ್ ಎಂಬ ಇನ್ನೊಂದು ವಿಧಾನ ಇಳಿಸುತ್ತದೆ, ಅದನ್ನೇ ಹಾಕಿ. ನಮ್ಮ 180 ಜಿಬಿ ಸುಮಾರು 135 ಜಿಬಿಗೆ ಬಂತು. ಒಂದೇ ಬಿಲ್ಲನ್ನು ಹತ್ತು ಜನರಿಗೆ ಕಳಿಸಿದರೆ ಒಂದೇ ಸಲ ಉಳಿಯುತ್ತದೆ ಅಂತ ಮಾತ್ರ ಲೆಕ್ಕ ಹಾಕಬೇಡಿ. ಸಣ್ಣ ಮೇಲ್ ಪೂರ್ತಿ ಒಂದೇ ತುಂಡು. ಮೇಲಿನ ವಿಳಾಸದ ಸಾಲು ಬೇರೆಯಾದರೆ ತುಂಡೂ ಬೇರೆಯೇ.

ಬೋರ್ಗ್‌ನ 1.2 ಆವೃತ್ತಿಯಿಂದ ಈಚೆಗೆ ಹಳೆ ಬ್ಯಾಕಪ್ ಪ್ರೂನ್ ಮಾಡಿದ (ಅಳಿಸಿದ) ಮಾತ್ರಕ್ಕೆ ಜಾಗ ಬಿಡುಗಡೆ ಆಗುವುದಿಲ್ಲ, ಕಾಂಪ್ಯಾಕ್ಟ್ ಎಂಬ ಆದೇಶವನ್ನೂ ಓಡಿಸಬೇಕು. ಬ್ಯಾಕಪ್ ತೆರೆಯಲು ಬೇಕಾಗುವ ಗೂಢಲಿಪಿ ಕೀಲಿಯನ್ನು ಕಾಗದಕ್ಕೆ ಮುದ್ರಿಸಿ ಬೀರುವಿನಲ್ಲಿಡಿ.

ಈಗ ಲೆಕ್ಕ. ಜೂನ್‌ನಲ್ಲಿ ಬಿತ್ತನೆ, ಆಗ ಮೇಲ್ ಕಡಿಮೆ. ಅಕ್ಟೋಬರ್‌ನಿಂದ ಮಾಲು ಬರಲು ಶುರುವಾದರೆ ತೂಕದ ಚೀಟಿಯ ಫೋಟೋಗಳೇ ಫೋಟೋಗಳು. ಜೂನ್ ನೋಡಿಕೊಂಡು ಡಿಸ್ಕ್ ಕೊಂಡರೆ ನವೆಂಬರ್‌ನಲ್ಲಿ ಸಾಲುವುದಿಲ್ಲ. ಇಡೀ ವರ್ಷ ಅಳೆದಾಗ ನಮಗೆ ಬಂದದ್ದು 100 ಜಿಬಿ. ಆರು ವರ್ಷಕ್ಕೆ 600, ಈಗಿನ 180 ಸೇರಿ 780. ಝಡ್‌ಸ್ಟ್ಯಾಂಡರ್ಡ್ ಆದ ಮೇಲೆ 600 ಜಿಬಿ ಒಳಗೆ. ಅಟ್ಯಾಚ್‌ಮೆಂಟ್ ದೊಡ್ಡದಾಗುತ್ತಲೇ ಹೋಗುವುದರಿಂದ ಅದನ್ನು ದುಪ್ಪಟ್ಟು ಮಾಡಿ 1.2 ಟಿಬಿ ಹಿಡಿದೆ. 2 ಟಿಬಿ ಡಿಸ್ಕ್ ಕಂಪ್ಯೂಟರ್‌ನಲ್ಲಿ 1.8 ಅಂತ ತೋರಿಸುತ್ತದೆ, ಅಷ್ಟು ಸಾಕು. ಪೂರ್ತಿ ತುಂಬಲು ಬಿಡಬಾರದು. ಬೋರ್ಗ್‌ಗೆ ಹಳೆಯದನ್ನು ಅಳಿಸಲೂ ಸ್ವಲ್ಪ ಖಾಲಿ ಜಾಗ ಬೇಕು.

ನಿಮ್ಮಲ್ಲಿ ಐದಾರು ಮೇಲ್‌ಬಾಕ್ಸ್ ಮಾತ್ರ ಇದ್ದರೆ ಆರ್‌ಸಿಂಕ್ ಸಾಕು, ಸ್ವಲ್ಪ ದೊಡ್ಡ ಡಿಸ್ಕ್ ತಗೊಳ್ಳಿ. ಅಪ್‌ಲೋಡ್ ವೇಗ ಚೆನ್ನಾಗಿದ್ದರೆ ಕ್ಲೌಡ್ ನೋಡಬಹುದು. ನನ್ನ ಬಜೆಟ್ಟಿಗೆ ಎರಡು ಡಿಸ್ಕೇ ಸರಿ. ಶನಿವಾರ ಅದಲು ಬದಲು ಮಾಡುತ್ತೇನೆ, ಒಂದು ಯಾವಾಗಲೂ ವಿದ್ಯಾನಗರದಲ್ಲಿ ಸಾಹುಕಾರರ ಮನೆಯಲ್ಲಿರುತ್ತದೆ. ಶೇ. 80 ತುಂಬಿದ ದಿನ ನನಗೆ ಮೇಲ್ ಬರುವ ಹಾಗೆ ಹಾಕಿದ್ದೇನೆ. ಆಗ 4 ಟಿಬಿಯ ಎರಡು ಕೊಂಡರಾಯಿತು.