ಮಾಸಿದ ಬಟ್ಟೆಗೊಂದು ಬೆತ್ತದ ಬುಟ್ಟಿ: ಏಳು ಮಳೆಗಾಲದ ನಂತರ

ಡಿಸೆಂಬರ್ 2018ರಲ್ಲಿ ಅಳತೆ ಕೊಟ್ಟು ಮಾಡಿಸಿದ ಬೆತ್ತದ ಬುಟ್ಟಿ ಇದು. ಒಗೆಯುವ ಬಟ್ಟೆ ಹಾಕಲಿಕ್ಕೆಂದೇ ಮಾಡಿಸಿದ್ದು. ನಮ್ಮದು ಉಡುಪಿ. ಇಲ್ಲಿ ಮನೆಯ ವಸ್ತುಗಳ ವಯಸ್ಸನ್ನು ವರ್ಷದಲ್ಲಿ ಎಣಿಸುವುದಕ್ಕಿಂತ ಮಳೆಗಾಲದಲ್ಲಿ ಎಣಿಸುವುದೇ ಸರಿ. ಜೂನ್ ಮೊದಲ ವಾರ ಮಳೆ ಹಿಡಿದರೆ ಸೆಪ್ಟೆಂಬರ್ ಮುಗಿಯುವ ತನಕ ಗೋಡೆ, ಚಪ್ಪಲಿ, ಪುಸ್ತಕದ ರಟ್ಟು, ಚರ್ಮದ ಬೆಲ್ಟು ಯಾವುದಕ್ಕೂ ಬೂಷ್ಟು ತಪ್ಪಿದ್ದಲ್ಲ. ಅದಕ್ಕೇ ತಂದ ವಾರದಲ್ಲಿ ವಿಮರ್ಶೆ ಬರೆಯುವ ಮನಸ್ಸಾಗಲಿಲ್ಲ. ಈಗ ಬುಟ್ಟಿಗೆ ಏಳು ಮಳೆಗಾಲ ತುಂಬಿದೆ. ನನಗೆ ಗೊತ್ತಾದದ್ದನ್ನೆಲ್ಲ ಬರೆಯುತ್ತೇನೆ.

ಮನೆಯಲ್ಲಿ ಐದು ಜನ: ನಾನು, ಗಂಡ, ಇಬ್ಬರು ಮಕ್ಕಳು, ಅತ್ತೆ. ಅತ್ತೆಯ ಕಾಲದಲ್ಲಿ ಈ ಮನೆಗೆ ಇಂಥ ಬುಟ್ಟಿಯೇ ಬೇಕಿರಲಿಲ್ಲ. ಬೆಳಿಗ್ಗೆ ಸ್ನಾನ ಆದವರ ಬಟ್ಟೆ ಬಚ್ಚಲಿನಿಂದ ನೇರ ಬಾವಿಕಟ್ಟೆಯ ಪಕ್ಕದ ಬಟ್ಟೆಕಲ್ಲಿಗೆ ಹೋಗುತ್ತಿತ್ತು, ಹನ್ನೊಂದು ಗಂಟೆಗೆ ಹಗ್ಗದ ಮೇಲೆ ಇರುತ್ತಿತ್ತು. ಅಂದಿನ ಬಟ್ಟೆ ಅಂದಿಗೇ ಮುಗಿಯುತ್ತಿತ್ತು. ವಾಷಿಂಗ್ ಮಷೀನ್ ಬಂದ ಮೇಲೆ ಬಟ್ಟೆ ಕಾಯಲು ಶುರುಮಾಡಿತು. ಮಷೀನ್ ತುಂಬುವಷ್ಟು ಆಗಲಿ ಎಂದು ಎರಡು ದಿನ, ಮೂರು ದಿನ. ಹಾಗೆ ಕಾಯುವ ಬಟ್ಟೆಗೆ ಒಂದು ಜಾಗ ಬೇಕು. ಬಟ್ಟೆ ಕಾಯುವಷ್ಟು ಹೊತ್ತೂ ಕೆಡದೆ ಇರಬೇಕು ಎನ್ನುವುದು ಈ ಬುಟ್ಟಿಯ ಮುಖ್ಯ ಕೆಲಸ ಎಂದು ನನಗೆ ಅರ್ಥವಾಗಲು ಮೂರು ಬುಟ್ಟಿ ಬೇಕಾಯಿತು.

ಮೊದಲನೆಯದು ತೂತುತೂತಿನ ಪ್ಲಾಸ್ಟಿಕ್ ಬುಟ್ಟಿ. ಅದನ್ನು ನಾನು ಬೈಯುವುದಿಲ್ಲ. ಅಗ್ಗ, ಹಗುರ, ನೀರು ಹಾಕಿ ತೊಳೆಯಬಹುದು. ಆದರೆ ಮೂರನೇ ವರ್ಷ ಅದನ್ನು ಹೊರಗೆ ಬಿಸಿಲಿಗೆ ಇಟ್ಟು ಬಟ್ಟೆ ಒಣಹಾಕುತ್ತಿದ್ದೆ. ಬಿಸಿಲಿಗೆ ಪ್ಲಾಸ್ಟಿಕ್ ಪೆಡಸಾಗಿ ಹಿಡಿಕೆ ಕಿತ್ತುಬಂತು. ಎರಡನೆಯದು ಆನ್‌ಲೈನಿನಲ್ಲಿ ತರಿಸಿದ ಮಡಚುವ ಬಟ್ಟೆಯ ಬುಟ್ಟಿ, ಎಲೆ ಚಿತ್ರ ಇದ್ದದ್ದು. ಚಿತ್ರದಲ್ಲಿ ಎಷ್ಟು ಚಂದವೋ ಮನೆಯಲ್ಲೂ ಅಷ್ಟೇ ಚಂದ ಇತ್ತು. ಆದರೆ ಒಳಗೆ ನೀರು ಸೋರದಿರಲೆಂದು ಪ್ಲಾಸ್ಟಿಕ್ ಲೇಪ ಹಾಕಿದ್ದರು. ನಮ್ಮ ಸೆಕೆಗೆ ಅದು ಬಟ್ಟೆಯನ್ನು ಪ್ಲಾಸ್ಟಿಕ್ ಕವರಿನೊಳಗೆ ಕಟ್ಟಿಟ್ಟ ಹಾಗೆ ಆಯಿತು. ಒಂದು ಬೆವರಿನ ಬನಿಯನ್ ಹಾಕಿದರೆ ಮರುದಿನಕ್ಕೆ ಬುಟ್ಟಿಯಿಡೀ ಮುಗ್ಗಲು ವಾಸನೆ. ಎರಡನೇ ವರ್ಷ ಆ ಲೇಪ ಬಿಳಿ ಹೊಟ್ಟಿನ ಹಾಗೆ ಉದುರಿ ಕಪ್ಪು ಪ್ಯಾಂಟುಗಳಿಗೆ ಅಂಟತೊಡಗಿತು. ಮೂರನೆಯದು ತವರಿನಿಂದ, ತೀರ್ಥಹಳ್ಳಿ ಕಡೆಯಿಂದ ತಂದ ಬಿದಿರು ಬುಟ್ಟಿ. ಅದಕ್ಕೆ ಆರು ತಿಂಗಳಲ್ಲಿ ಕುಟ್ಟೆ ಹಿಡಿಯಿತು. ಬೆಳಿಗ್ಗೆ ಎದ್ದರೆ ನೆಲದ ಮೇಲೆ ಹಳದಿ ಹುಡಿ. ಬಿದಿರಿನ ಒಳಗಿನ ಪಿಷ್ಟಕ್ಕೆ ಆ ಹುಳು ಬರುತ್ತದೆ. ಬಿದಿರನ್ನು ಕಡಿದ ಮೇಲೆ ಕೆಲವು ವಾರ ನೀರಿನಲ್ಲಿ ಮುಳುಗಿಸಿಟ್ಟರೆ ಪಿಷ್ಟ ಕಡಿಮೆಯಾಗುತ್ತದೆ, ಹಾಗೆ ಮಾಡಿದ ಬುಟ್ಟಿ ಬಾಳುತ್ತದೆ. ನಮ್ಮದು ಅವಸರಕ್ಕೆ ಹೆಣೆದದ್ದಿರಬೇಕು.

ಆಮೇಲೆ ಬೆತ್ತ. ಹೆದ್ದಾರಿ ಬದಿಯಲ್ಲಿ ಬೆತ್ತದ ಕುರ್ಚಿ, ತೊಟ್ಟಿಲು ಮಾಡುವವರೊಬ್ಬರ ಹತ್ತಿರ ಹೋದೆವು. ಬಿದಿರು ಹುಲ್ಲಿನ ಜಾತಿ, ಒಳಗೆ ಟೊಳ್ಳು. ಬೆತ್ತ ಹಾಗಲ್ಲ, ಮರಗಳನ್ನು ಹಿಡಿದು ಹಬ್ಬುವ ತಾಳೆ ಜಾತಿಯ ಬಳ್ಳಿ, ಒಳಗೂ ಗಟ್ಟಿ. ಬಿಸಿ ಮಾಡಿ ಬಗ್ಗಿಸಿದರೆ ಬಗ್ಗಿದ ಹಾಗೇ ನಿಲ್ಲುತ್ತದೆ. ಅಂಗಡಿಯಲ್ಲಿ ಸಿದ್ಧ ಇದ್ದ ಬುಟ್ಟಿಗಳು ಒಂದೋ ಹೂವಿನ ಕುಂಡಕ್ಕೆ ಸಾಕಾಗುವಷ್ಟು ಸಣ್ಣ, ಇಲ್ಲ ಅತ್ತೆ ಬಗ್ಗಿದರೂ ತಳ ಸಿಗದಷ್ಟು ಆಳ. ಅಳತೆ ಕೊಟ್ಟೆವು: ಬಾಯಿ 16 ಇಂಚು, ತಳ 13 ಇಂಚು, ಎತ್ತರ 22 ಇಂಚು, ಕೆಳಗೆ 2 ಇಂಚಿನ ಕಾಲು. ಲೆಕ್ಕ ಹಾಕಿದರೆ ಒಳಗೆ ಸುಮಾರು 60 ಲೀಟರ್ ಜಾಗ. ಬೆಲೆ 2,400 ರೂಪಾಯಿ, ಮುಚ್ಚಳಕ್ಕೆ ಬೇರೆ 350.

ಅಳತೆ ವಿಷಯದಲ್ಲಿ ನಾವು ಸರಿ ಮಾಡಿದ್ದು ಒಂದು: ಬುಟ್ಟಿಯನ್ನು ಮಷೀನಿಗೆ ಹೊಂದಿಸಿದೆವು. ನಮ್ಮದು ಆರೂವರೆ ಕಿಲೋ ಮಷೀನ್. ಬುಟ್ಟಿ ಕಂಠಮಟ್ಟ ತುಂಬಿದಾಗ ಒಮ್ಮೆ ತೂಗಿ ನೋಡಿದೆ, ಒಣ ಬಟ್ಟೆ ಐದೂವರೆ ಕಿಲೋ ಇತ್ತು. ಅಂದರೆ ಬುಟ್ಟಿ ತುಂಬಿತು ಎಂದರೆ ಮಷೀನ್ ಹಾಕುವ ಹೊತ್ತಾಯಿತು ಎಂದೇ ಅರ್ಥ. ಇದರಿಂದ ಆದ ಉಪಕಾರ ದೊಡ್ಡದು. ಬಟ್ಟೆ ಎರಡು ದಿನಕ್ಕಿಂತ ಹೆಚ್ಚು ಕಾಯುವುದಿಲ್ಲ, ಯಾರೂ ಯಾರಿಗೂ ಹೇಳಬೇಕಾಗಿಲ್ಲ. ನೂರು ಲೀಟರಿನ ಬುಟ್ಟಿ ತಂದವರ ಮನೆಯಲ್ಲಿ ತಳದ ಬಟ್ಟೆ ವಾರಗಟ್ಟಲೆ ತಳದಲ್ಲೇ ಉಳಿಯುವುದನ್ನು ನೋಡಿದ್ದೇನೆ. ನಿಮ್ಮ ಮಷೀನಿನ ಒಂದು ಸಲದ ಬಟ್ಟೆಗಿಂತ ದೊಡ್ಡ ಬುಟ್ಟಿ ತರಬೇಡಿ.

ಮೊದಲ ಮಳೆಗಾಲ ಮಾತ್ರ ಕಷ್ಟದ್ದಾಯಿತು. ಬುಟ್ಟಿಯನ್ನು ಸ್ನಾನದ ಕೋಣೆಯೊಳಗೇ ಮೂಲೆಗೆ ಇಟ್ಟಿದ್ದೆ. ಬಟ್ಟೆ ಬಿಚ್ಚುವ ಜಾಗದಲ್ಲೇ ಬುಟ್ಟಿ ಇದ್ದರೆ ಅನುಕೂಲ ಎಂದು ಯಾರಿಗೂ ಅನಿಸುತ್ತದೆ. ಜುಲೈ ಹೊತ್ತಿಗೆ ಗೋಡೆಗೆ ತಾಗಿದ ಬದಿಯಲ್ಲಿ ಬೆತ್ತದ ಮೇಲೆ ಬೂದು ಬಣ್ಣದ ಬೂಷ್ಟು ಬಂತು. ಅದಕ್ಕಿಂತ ನೋವಾದದ್ದು ಮಗನ ಬಿಳಿ ಅಂಗಿ ಹಾಳಾದದ್ದು. ಯಾರೋ ಒದ್ದೆ ಟರ್ಕಿ ಟವೆಲನ್ನು ಅದರ ಮೇಲೆ ಹಾಕಿದ್ದರು. ಎರಡು ದಿನ ಬಿಟ್ಟು ತೆಗೆದರೆ ಬೆನ್ನಿನ ತುಂಬ ಕರಿಚುಕ್ಕೆ. ಒದ್ದೆ ಹತ್ತಿ, ಬೆವರು, ಸೆಕೆ ಮೂರೂ ಸೇರಿದರೆ ಬೂಷ್ಟಿಗೆ ಎರಡು ದಿನ ಧಾರಾಳವಾಯಿತು. ಆ ಚುಕ್ಕೆ ನೂಲಿನೊಳಗೆ ಇಳಿದ ಮೇಲೆ ಯಾವ ಸಾಬೂನಿಗೂ ಹೋಗುವುದಿಲ್ಲ.

ಬುಟ್ಟಿ ಹೊತ್ತುಕೊಂಡು ಮಾಡಿದವರ ಹತ್ತಿರವೇ ಹೋದೆ. ಅವರು ತಿರುಗಿಸಿ ನೋಡಿ, "ಅಕ್ಕ, ಇದಕ್ಕೆ ಗಾಳಿ ಆಡ್ಬೇಕು. ಗೋಡೆಗೆ ಒತ್ತಿ ಇಟ್ರೆ ಬೆತ್ತ ಏನು ಮಾಡೀತು?" ಎಂದರು. ವಾರ್ನಿಷನ್ನು ಹೊರಗಡೆ ಮಾತ್ರ ಹೊಡೆದದ್ದು ತಮ್ಮ ತಪ್ಪು ಎಂದೂ ಒಪ್ಪಿಕೊಂಡರು. ಬೂಷ್ಟನ್ನು ಒಣಬಟ್ಟೆಯಲ್ಲಿ ಒರೆಸಿ, ಬಿಳಿ ವಿನೆಗರಿಗೆ ಅಷ್ಟೇ ನೀರು ಬೆರೆಸಿ ಮತ್ತೊಮ್ಮೆ ಒರೆಸಿ, ಬಿಸಿಲು ಬಂದಾಗ ಎರಡು ದಿನ ಚೆನ್ನಾಗಿ ಒಣಗಿಸಿದ ಮೇಲೆ ಒಳಗೂ ತಳಕ್ಕೂ ವಾರ್ನಿಷ್ ಹೊಡೆದುಕೊಟ್ಟರು. ಒಣಗದೆ ಹೊಡೆದರೆ ತೇವ ಒಳಗೇ ಸಿಕ್ಕಿಬೀಳುತ್ತದೆ. ಅಂದಿನಿಂದ ಪ್ರತಿ ವರ್ಷ ಏಪ್ರಿಲ್ ರಜೆಯಲ್ಲಿ ನಾನೇ ಒಂದು ತೆಳು ಲೇಪ ಹೊಡೆಯುತ್ತೇನೆ, ಅರ್ಧ ದಿನದ ಕೆಲಸ.

ಬುಟ್ಟಿಯ ಜಾಗವೂ ಬದಲಾಯಿತು. ಈಗ ಅದು ಸ್ನಾನದ ಕೋಣೆಯ ಹೊರಗೆ, ಮನೆಯೊಳಗಿನ ಓಣಿಯ ಕಿಟಕಿ ಕೆಳಗೆ, ಗೋಡೆಯಿಂದ ಮೂರು ಬೆರಳು ಬಿಟ್ಟು ನಿಂತಿದೆ. ಪಕ್ಕದಲ್ಲಿ ಒಂದು ಸ್ಟೀಲ್ ರಾಡ್ ಹಾಕಿಸಿದೆವು. ಒದ್ದೆಯಾದದ್ದು ಯಾವುದೇ ಇರಲಿ, ಟವೆಲ್ಲೋ, ಮಳೆಯಲ್ಲಿ ನೆನೆದ ಯೂನಿಫಾರಮ್ಮೋ, ಮೊದಲು ರಾಡ್ ಮೇಲೆ, ಒಣಗಿದ ಮೇಲೆಯೇ ಬುಟ್ಟಿಗೆ. ಮಕ್ಕಳಿಗೆ ಇದನ್ನು ರೂಢಿ ಮಾಡಿಸಲು ಒಂದಿಡೀ ಮಳೆಗಾಲ ಹಿಡಿಯಿತು. ಆದರೆ ಆಮೇಲೆ ನಮ್ಮ ಮನೆಯಲ್ಲಿ ಒಂದೇ ಒಂದು ಅಂಗಿಗೂ ಕರಿಚುಕ್ಕೆ ಬಿದ್ದಿಲ್ಲ. ಬುಟ್ಟಿ ಕೊಳ್ಳುವ ಮುಂಚೆ ಈ ರಾಡಿಗೆ ಜಾಗ ನೋಡಿಕೊಳ್ಳಿ ಎಂದು ಕರಾವಳಿ, ಮಲೆನಾಡಿನವರಿಗೆ ಒತ್ತಿ ಹೇಳುತ್ತೇನೆ.

ಎರಡಿಂಚಿನ ಕಾಲಿನ ಬೆಲೆ ಗೊತ್ತಾಗುವುದೂ ಮಳೆಗಾಲದಲ್ಲೇ. ನಮ್ಮದು ಹಳೇ ಮನೆ, ಕೆಂಪು ರೆಡಾಕ್ಸೈಡ್ ನೆಲ. ಜುಲೈಯಲ್ಲಿ ನೆಲ ಬೆವರುತ್ತದೆ. ಕಾಲಿಲ್ಲದ ಬುಟ್ಟಿಯಾದರೆ ತಳ ಆ ನೀರಿನಲ್ಲೇ ಕೂತಿರುತ್ತಿತ್ತು. ನೆಲ ಒರೆಸುವಾಗಲೂ ಎತ್ತಿಡಬೇಕಾಗಿಲ್ಲ, ಒರೆಸುವ ಕೋಲು ಅಡಿಗೇ ಹೋಗುತ್ತದೆ.

ಮುಚ್ಚಳದ ಮಾತು. ಅಂಗಡಿಯಲ್ಲಿ ನನ್ನ ಕಣ್ಣು ಸೆಳೆದದ್ದೇ ಅದು, ನಡುವೆ ಹೂವಿನ ಹಾಗೆ ಹೆಣಿಗೆ. ಮನೆಯಲ್ಲಿ ಮೂರು ತಿಂಗಳು ಇಟ್ಟು ತೆಗೆದೆ. ಮುಚ್ಚಳ ಎತ್ತಿ ಬಟ್ಟೆ ಹಾಕುವವರು ಅತ್ತೆ ಒಬ್ಬರೇ. ಉಳಿದವರ ಬಟ್ಟೆ ಮುಚ್ಚಳದ ಮೇಲೆ ಗುಡ್ಡೆಯಾಗುತ್ತಿತ್ತು. ಬುಟ್ಟಿಯೊಳಗೆ ಗಾಳಿಯೂ ಕಡಿಮೆಯಾಗುತ್ತಿತ್ತು. ಈಗ ಮುಚ್ಚಳ ಅಟ್ಟದಲ್ಲಿದೆ, ನೆಂಟರು ಬಂದಾಗ ಇಳಿಯುತ್ತದೆ.

ಒಳಚೀಲವಿಲ್ಲದೆ ಬೆತ್ತದ ಬುಟ್ಟಿ ಬಳಸಬಾರದು ಎನ್ನುವುದು ಎರಡನೇ ವರ್ಷ ಗೊತ್ತಾಯಿತು. ಬೆತ್ತದ ಸೀಳೊಂದರ ತುದಿ ಎದ್ದು ನನ್ನ ಶಿಫಾನ್ ದುಪಟ್ಟಾದ ಎಳೆ ಹಿಡಿದು ಎಳೆಯಿತು. ಅದೇ ವರ್ಷ ತಳದ ಹತ್ತಿರ ಒಂದು ತುಕ್ಕಿನ ಕಲೆ ದಿಂಬಿನ ಕವರಿಗೆ ಹತ್ತಿತು. ಕಟ್ಟಿನ ಒಳಗೆ ಸಣ್ಣ ಕಬ್ಬಿಣದ ಮೊಳೆ ಇದ್ದದ್ದು ನಮಗೆ ಗೊತ್ತೇ ಇರಲಿಲ್ಲ. ಉಪ್ಪುಗಾಳಿಯ ಊರಿನಲ್ಲಿ ಕಬ್ಬಿಣದ ಮೊಳೆ ಬೇಡ, ಹಿತ್ತಾಳೆಯದೋ ಸ್ಟೀಲಿನದೋ ಹಾಕಿ ಎಂದು ಮೊದಲೇ ಹೇಳಬೇಕು. ಎದ್ದ ಸೀಳನ್ನು ಪಾಲಿಷ್ ಪೇಪರಿನಲ್ಲಿ ಉಜ್ಜಿದೆ. ಕೊಳ್ಳುವಾಗ ಒಂದು ಹಳೇ ನೈಲಾನ್ ಬಟ್ಟೆ ಕೊಂಡುಹೋಗಿ ಬುಟ್ಟಿಯ ಒಳಮೈ ಸುತ್ತ ಸವರಿ ನೋಡಿ, ಎಲ್ಲಿ ಹಿಡಿಯುತ್ತದೋ ಅಲ್ಲೇ ಉಜ್ಜಿಸಿಕೊಂಡು ಬನ್ನಿ.

ಚೀಲವನ್ನು ಕೋರಾ ಬಟ್ಟೆಯಲ್ಲಿ ನಾನೇ ಹೊಲಿದೆ. ಮೊದಲನೆಯದು ಒಂದೇ ಒಗೆತಕ್ಕೆ ಕುಗ್ಗಿ ಬುಟ್ಟಿಗೆ ಸಾಲದಾಯಿತು. ಎರಡನೇ ಸಲ ಬಟ್ಟೆಯನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಹಾಕಿ ಒಣಗಿಸಿ ಕತ್ತರಿಸಿದೆ, ಸರಿಯಾಗಿ ಕೂತಿತು. ಬಾಯಿಯ ಸುತ್ತ ಲಾಡಿ, ಎರಡು ಬದಿಗೆ ಹಿಡಿಕೆ. ಬಟ್ಟೆ ತುಂಬಿದಾಗ ಲಾಡಿ ಎಳೆದು ಚೀಲವನ್ನಷ್ಟೇ ವರ್ಕ್ ಏರಿಯಾಕ್ಕೆ ಒಯ್ದು, ಬಟ್ಟೆ ಮಷೀನಿಗೆ ಸುರಿದು ಚೀಲವನ್ನೂ ಜೊತೆಗೇ ಹಾಕುತ್ತೇವೆ. ಅತ್ತೆಗೆ ಸೊಂಟನೋವು, ಅವರಿಗೂ ಬಗ್ಗುವ ಕೆಲಸ ಉಳಿಯಲಿಲ್ಲ. ಎರಡು ಚೀಲ ಇಟ್ಟುಕೊಂಡಿದ್ದೇವೆ, ಒಂದು ಒಗೆತದಲ್ಲಿದ್ದರೆ ಒಂದು ಬುಟ್ಟಿಯಲ್ಲಿ. ಬಿಳಿ ಬಟ್ಟೆ ಬೇರೆ ಮಾಡಲು ಚೀಲದ ನಡುವೆ ಅಡ್ಡಗೋಡೆ ಹೊಲಿದು ನೋಡಿದೆ, ನಡೆಯಲಿಲ್ಲ. ಒಂದು ಬದಿ ತುಂಬಿ ಇನ್ನೊಂದು ಬದಿಯನ್ನು ಅಮುಕುತ್ತಿತ್ತು. ಈಗ ಬುಟ್ಟಿಯ ಹಿಡಿಕೆಗೆ ಸಣ್ಣ ಚೀಲ ನೇತುಹಾಕಿದ್ದೇವೆ. ಗಂಡನ ಪಂಚೆ, ಮಕ್ಕಳ ಬಿಳಿ ಯೂನಿಫಾರಂ ಅದಕ್ಕೆ ಹೋಗುತ್ತವೆ. ಬಣ್ಣ ಬಿಡುವ ಹೊಸ ಹತ್ತಿ ಸೀರೆ ಎರಡಕ್ಕೂ ಇಲ್ಲ, ಅದನ್ನು ಕೈಯಲ್ಲೇ ಒಗೆಯುವುದು.

2022ರಲ್ಲಿ ತಳದ ಬಳೆಯ ಸುತ್ತಿನ ಕಟ್ಟು ಸಡಿಲವಾಗಿ ಒಂದು ಕಾಲು ಅಲ್ಲಾಡತೊಡಗಿತು. ಅದೇ ಅಂಗಡಿಗೆ ಒಯ್ದೆ. ತೆಳುವಾದ ಬೆತ್ತದ ಸೀಳನ್ನು ನೀರಿನಲ್ಲಿ ನೆನೆಸಿ ಮೆತ್ತಗೆ ಮಾಡಿ ಬಿಗಿದು ಸುತ್ತಿದರು. ಒಣಗುತ್ತ ಅದು ಇನ್ನಷ್ಟು ಬಿಗಿಯುತ್ತದಂತೆ, ಹಾಗೆಯೇ ಆಯಿತು. 180 ರೂಪಾಯಿ ತೆಗೆದುಕೊಂಡರು. ಮೊಳೆಗಳನ್ನೂ ಆಗಲೇ ಬದಲಿಸಿದರು. ನನ್ನ ಪ್ಲಾಸ್ಟಿಕ್ ಬುಟ್ಟಿಯ ಹಿಡಿಕೆಯನ್ನು ರಿಪೇರಿ ಮಾಡುವವರು ಊರಲ್ಲಿ ಒಬ್ಬರೂ ಇರಲಿಲ್ಲ. ಇನ್ನೊಮ್ಮೆ ಕೊಳ್ಳುವುದಾದರೂ ಬೆತ್ತವನ್ನೇ ಕೊಳ್ಳುತ್ತೇನೆ ಎನ್ನಲು ಇದೊಂದೇ ಕಾರಣ ನನಗೆ ಸಾಕು.

ಚಂದ ಎಂದರೆ ಈಗ ಹೆಚ್ಚು ಚಂದ. ಹೊಸದರಲ್ಲಿ ಹುಲ್ಲಿನ ಬಣ್ಣ ಇತ್ತು. ಏಳು ವರ್ಷದ ವಾರ್ನಿಷ್, ಕಿಟಕಿಯ ಬೆಳಕು ಸೇರಿ ಜೇನಿನ ಬಣ್ಣಕ್ಕೆ ತಿರುಗಿದೆ. ಕೆಂಪು ನೆಲದ ಮೇಲೆ ಬೆಳಿಗ್ಗೆ ಅದರ ಹೆಣಿಗೆಯ ನೆರಳು ಬೀಳುವಾಗ ನನಗೆ ಈಗಲೂ ಖುಷಿಯಾಗುತ್ತದೆ. ಬಂದವರು ಮುಟ್ಟಿ ನೋಡಿ ಇದು ಏನಕ್ಕೆ ಎಂದು ಕೇಳುತ್ತಾರೆ.

ಎಲ್ಲರಿಗೂ ಇದು ಬೇಕು ಎಂದು ಹೇಳಲಾರೆ. ಸ್ನಾನದ ಕೋಣೆಯ ಹೊರಗೆ, ಗಾಳಿ ಬರುವ ಕಡೆ ಒಂದೂವರೆ ಅಡಿ ಜಾಗ ಇಲ್ಲದ ಮನೆಯಾದರೆ ಪ್ಲಾಸ್ಟಿಕ್ಕಿನ ತೂತು ಬುಟ್ಟಿಯೇ ವಾಸಿ. ಹನ್ನೊಂದು ತಿಂಗಳಿಗೊಮ್ಮೆ ಬಾಡಿಗೆ ಮನೆ ಬದಲಿಸುವವರಿಗೆ, ಪಿಜಿಯಲ್ಲಿರುವವರಿಗೆ ಮಡಚುವ ಚೀಲ ಸಾಕು, ಆದರೆ ಒಳಲೇಪ ಇಲ್ಲದ, ಬದಿಗೆ ಬಲೆ ಇರುವ ಚೀಲ ನೋಡಿ.

ಮಗಳಿಗೆ ಈಗ ಒಂಬತ್ತನೇ ತರಗತಿ, ಮಹಡಿಯ ಕೋಣೆ ಅವಳದ್ದಾಗಿದೆ. ತನಗೂ ಒಂದು ಬುಟ್ಟಿ ಬೇಕೆಂದಳು. ಹೋದ ವಾರ ಇಬ್ಬರೂ ಹೋಗಿ ಹೇಳಿಬಂದೆವು: ಬಾಯಿ 13 ಇಂಚು, ಎತ್ತರ 18, ಕಾಲು ಮೂರಿಂಚು, ಹಿತ್ತಾಳೆ ಮೊಳೆ, ಒಳಗೂ ಹೊರಗೂ ತಳಕ್ಕೂ ವಾರ್ನಿಷ್, ಮುಚ್ಚಳ ಬೇಡ. "ಅಕ್ಕ ಈಗ ಎಲ್ಲ ಕಲ್ತಿದ್ದಾರೆ" ಎಂದು ಮಗಳಿಗೆ ಹೇಳಿ ಅವರು ಚೀಟಿಯಲ್ಲಿ ಬರೆದುಕೊಂಡರು. ದೀಪಾವಳಿ ಕಳೆದ ವಾರ ಕೊಡುತ್ತಾರಂತೆ. ಅಷ್ಟರೊಳಗೆ ಚೀಲ ಹೊಲಿಯಬೇಕು, ಕೋರಾ ಬಟ್ಟೆ ನಿನ್ನೆ ರಾತ್ರಿಯೇ ನೆನೆಹಾಕಿದ್ದೇನೆ.