ಹಳೇ ತೋಟೆ ಕೇಸ್ ತೊಳೆಯೋಕೆ ಫ್ರಾಂಕ್‌ಫರ್ಡ್ ಆರ್ಸೆನಲ್ 7 ಲೀಟರ್ ಟಂಬ್ಲರ್ ಮೆಷಿನ್: ಒಂದೂವರೆ ವರ್ಷ ಬಳಸಿದ್ಮೇಲೆ

ನಮ್ಮದು ಕೊಡಗಿನ ಕಡೆ, ಕೈಲ್ ಮುಹೂರ್ತಕ್ಕೆ ಕೋವಿ ಪೂಜೆ ಮಾಡಿ ತೆಂಗಿನಕಾಯಿಗೆ ಗುರಿ ಇಡೋದು ನೋಡ್ಕೊಂಡೇ ಬೆಳೆದಿದ್ದು, ಹಾಗಾಗಿ ಟೆಕ್ಸಾಸ್‌ಗೆ ಬಂದ್ಮೇಲೆ ಒಂದು .308 (ಇದು ತೋಟೆಯ ಅಳತೆ) ರೈಫಲ್ ತಗೊಂಡೆ. ಒಳ್ಳೆ ಹೊಸ ಹಿತ್ತಾಳೆ ಕೇಸ್ ಒಂದಕ್ಕೇ ಡಾಲರ್ ಮೇಲಾಗತ್ತೆ, ಅದಕ್ಕೆ ಹಾರಿಸಿದ ಕೇಸ್‌ಗಳನ್ನ ರೇಂಜ್‌ನಿಂದ ಆರಿಸ್ಕೊಂಡು ಬಂದು ಮನೇಲೇ ರೀಲೋಡ್ ಮಾಡ್ತೀನಿ, ಅಂದ್ರೆ ಅದೇ ಕೇಸ್‌ಗೆ ಹೊಸ ಪ್ರೈಮರ್ (ಮದ್ದಿಗೆ ಕಿಡಿ ಹಚ್ಚೋ ಸಣ್ಣ ಬಿಲ್ಲೆ), ಮದ್ದು, ಗುಂಡು ತುಂಬ್ತೀನಿ. ಇಲ್ಲಿ ಸ್ವಂತ ಬಳಕೆಗೆ ಇದಕ್ಕೆ ಅಡ್ಡಿ ಇಲ್ಲ, ಊರಲ್ಲಿರೋರು ಮಾತ್ರ ಲೈಸೆನ್ಸ್ ಇಲ್ದೆ ಇದಕ್ಕೆ ಕೈ ಹಾಕಬೇಡಿ.

ಮೊದಲು ನನ್ನ ಹತ್ರ ಅಕ್ರೋಟ್ ಚಿಪ್ಪಿನ ಪುಡಿ ಹಾಕಿ ಅಲುಗಾಡಿಸೋ ಒಣ ಮೆಷಿನ್ ಇತ್ತು. ಹೊರಗಡೆ ಹೊಳಪು ಬರ್ತಿತ್ತು, ಒಳಗಿನ ಮಸಿ ಹಾಗೇ, ಪ್ರೈಮರ್ ಕೂರೋ ಗುಳಿನೂ ಕಪ್ಪಗೇ. ಅದಕ್ಕಿಂತ ದೊಡ್ಡ ಚಿಂತೆ ಧೂಳು. ಪ್ರೈಮರ್‌ನಲ್ಲಿ ಸೀಸ ಇರತ್ತೆ, ಆ ಧೂಳು ಗ್ಯಾರೇಜ್ ತುಂಬಾ ಹಾರೋದು, ಮನೇಲಿ ಚಿಕ್ಕ ಮಗು ಇದೆ, ಅಷ್ಟಕ್ಕೇ ಅದನ್ನ ಬಿಟ್ಟೆ.

ಈ ಟಂಬ್ಲರ್ ಡ್ರಮ್ ತಿರುಗಿಸಿ ನೀರಲ್ಲಿ ತೊಳೆಯೋ ಮೆಷಿನ್. ಡ್ರಮ್ ಒಳಗೆ ನೀರು, ಐದು ಪೌಂಡ್ ಸ್ಟೀಲ್ ಪಿನ್, ಕೇಸ್‌ಗಳು, ಒಂದು ಚಮಚ ಪಾತ್ರೆ ತೊಳೆಯೋ ಸೋಪು, ಒಂದು 9 ಎಂಎಂ ಪಿಸ್ತೂಲಿನ ಕೇಸ್ ತುಂಬ ಸಿಟ್ರಿಕ್ ಆಸಿಡ್ ಪುಡಿ, ಅಷ್ಟೇ. ಅಮ್ಮ ಹಿತ್ತಾಳೆ ಚೊಂಬಿಗೆ ಹುಣಸೆಹಣ್ಣು ಹಚ್ಚಿ ಉಜ್ಜೋದೂ ಇದೇ ಲೆಕ್ಕ, ಹುಳಿ ಕಿಲುಬನ್ನ ಕರಗಿಸತ್ತೆ, ಸಣ್ಣ ಪಿನ್‌ಗಳು ನಮ್ಮ ಬೆರಳು ಹೋಗದ ಜಾಗಕ್ಕೂ ಹೋಗಿ ಉಜ್ಜತ್ವೆ. ಒಂದೂವರೆ ಗಂಟೆ ಬಿಟ್ರೆ ಸಾಕು, ಟೈಮರ್ ಮೂರು ಗಂಟೆವರೆಗೂ ಇದೆ, ತಾನೇ ನಿಲ್ಲತ್ತೆ. ಡ್ರಮ್ ಎರಡೂ ಕಡೆ ಪಾರದರ್ಶಕ ಮುಚ್ಚಳ ಇರೋದ್ರಿಂದ ನೀರು ಎಷ್ಟು ಕಪ್ಪಾಯ್ತು ಅಂತ ಹೊರಗಿಂದಲೇ ಕಾಣತ್ತೆ. .308 ಆದ್ರೆ 300 ಹಿಡಿಯತ್ತೆ ಅಂತ ಕಂಪನಿ ಹೇಳತ್ತೆ, ನಾನು ಒಂದ್ಸಲಕ್ಕೆ ನೂರೇ ಹಾಕೋದು.

ಮೊದಲ ಸಲ ನಾನು ಜಾಸ್ತಿ ಹಾಕಿದ್ರೆ ಜಾಸ್ತಿ ಹೊಳೆಯತ್ತೆ ಅನ್ಕೊಂಡು ಆಸಿಡ್ ಪುಡಿ ಎರಡು ಚಮಚ ಸುರಿದು ರಾತ್ರಿಯೆಲ್ಲ ನೀರಲ್ಲೇ ಬಿಟ್ಟಿದ್ದೆ, ಬೆಳಿಗ್ಗೆ ನೋಡಿದ್ರೆ ಕೇಸ್‌ಗಳು ತಾಮ್ರದ ಥರ ಗುಲಾಬಿ ಬಣ್ಣ. ಈ ಹಿತ್ತಾಳೆ 70 ಭಾಗ ತಾಮ್ರ, 30 ಭಾಗ ಸತು, ಮೇಲ್ಮೈಯಿಂದ ಸತು ಹೊರಟುಹೋದ್ರೆ ಹಾಗಾಗತ್ತೆ. ಆ ಎಲ್ಲಾ ಕೇಸ್‌ನ ಗುಜರಿಗೆ ಹಾಕ್ದೆ.

ಅಮೋನಿಯಾ ಇರೋ ಪಾಲಿಶ್ ಅಂತೂ ಮುಟ್ಟಲೇಬೇಡಿ. ಬ್ರಿಟಿಷರ ಕಾಲದಲ್ಲಿ ನಮ್ಮ ದೇಶದಲ್ಲೇ ಮಳೆಗಾಲದಲ್ಲಿ ಕುದುರೆ ಲಾಯದಲ್ಲಿಟ್ಟಿದ್ದ ಸೇನೆಯ ತೋಟೆಗಳು ತಾವಾಗೇ ಬಿರುಕು ಬಿಡ್ತಿದ್ವು, ಕುದುರೆ ಮೂತ್ರದಿಂದ ಬರೋ ಅಮೋನಿಯಾನೇ ಅದಕ್ಕೆ ಕಾರಣ ಅಂತ 1921ರಲ್ಲಿ ಗೊತ್ತಾಯ್ತು, ಇದಕ್ಕೆ ಸೀಸನ್ ಕ್ರ್ಯಾಕಿಂಗ್ ಅಂತ ಹೆಸರು.

ಕೆಲಸ ಇರೋದು ತೊಳೆದಾದ್ಮೇಲೆ. ಕೇಸ್‌ನ ಒಂದೊಂದಾಗಿ ಕುಟ್ಟಿ ಒಳಗೆ ಸಿಕ್ಕಿರೋ ಪಿನ್ ಬೀಳಿಸ್ಬೇಕು, ಮ್ಯಾಗ್ನೆಟ್ ಇದ್ರೆ ಬೇಗ ಆಗತ್ತೆ, ಒಂದೇ ಒಂದು ಪಿನ್ ಒಳಗೆ ಉಳಿದ್ರೂ ಕೋವಿಗೆ ಅಪಾಯ. ಆಮೇಲೆ ಒಂದು ದಿನ ಬಿಸಿಲಲ್ಲಿ ಒಣಗಿಸ್ಬೇಕು. ಕಪ್ಪು ನೀರು ಮುಟ್ಟೋವಾಗ ಗ್ಲೌಸ್ ಹಾಕೊಳ್ಳಿ, ಅಡುಗೆಮನೆ ಸಿಂಕ್ ಬೇಡ.

ಇಷ್ಟೆಲ್ಲಾ ಹೊಳಪಿಗೋಸ್ಕರ ಅಲ್ಲ, ಕೇಸ್ ಹೊಳೆದ್ರೆ ಗುರಿ ಏನೂ ಸುಧಾರಿಸಲ್ಲ. .308ರಲ್ಲಿ ಒತ್ತಡ ಚದರ ಇಂಚಿಗೆ 62,000 ಪೌಂಡ್‌ವರೆಗೂ ಹೋಗತ್ತೆ, ಹಿತ್ತಾಳೆ ಪ್ರತಿ ಸಲ ಹಿಗ್ಗಿ ಕುಗ್ಗಿ ಗಡುಸಾಗಿ ಕುತ್ತಿಗೆ ಹತ್ರ ಸೀಳತ್ತೆ, ಬುಡದ ಹತ್ರ ಎಳೆತಕ್ಕೆ ಸಿಕ್ಕಿ ಒಳಗಡೆ ತೆಳ್ಳಗಾಗತ್ತೆ. ಮಸಿ ಇದ್ರೆ ಇವೆರಡೂ ಕಣ್ಣಿಗೆ ಬೀಳಲ್ಲ. ತೊಳೆದ ಕೇಸ್‌ನಲ್ಲಿ ಕೂದಲಿನಷ್ಟು ಸಣ್ಣ ಸೀಳೂ ಕಾಣತ್ತೆ, ಬುಡಕ್ಕೆ ಮಾತ್ರ ಪೇಪರ್ ಕ್ಲಿಪ್ ತುದಿ ಬಗ್ಗಿಸಿ ಒಳಗೋಡೆ ಮೇಲೆ ಎಳೆದು ನೋಡಿ, ಹಳ್ಳ ಸಿಕ್ಕಿದ್ರೆ ಆ ಕೇಸ್ ಮುಗೀತು.

ನಾನು ಕೊಟ್ಟಿದ್ದು ಸುಮಾರು 200 ಡಾಲರ್, ತಿಂಗಳಿಗೆ ಇಪ್ಪತ್ತು ಗುಂಡು ಹಾರಿಸೋರಿಗೆ ಅಷ್ಟು ಬೇಡ, ಬಿಸಿ ಸೋಪು ನೀರಿನ ಬಕೆಟ್ ಸಾಕು. ನನಗಂತೂ ಕೊಟ್ಟ ದುಡ್ಡಿಗೆ ಮೋಸ ಇಲ್ಲ. ಹೋದ ವಾರದ ನೂರರಲ್ಲಿ ಏಳು ಕೇಸ್‌ನ ಕುತ್ತಿಗೆ ಸೀಳಿತ್ತು, ಇಕ್ಕಳದಲ್ಲಿ ಬಾಯಿ ಜಜ್ಜಿ ಗುಜರಿ ಡಬ್ಬಕ್ಕೆ ಹಾಕ್ದೆ, ಯಾರೂ ಎತ್ಕೊಂಡು ಮತ್ತೆ ತುಂಬಬಾರದು ಅಂತ.